ಡಾಕ್ಟರು ಹೇಳಿದ ರೊಟ್ಟಿ

ತಮಿಳು ಕಲಿತಿದ್ದೇನೆಂಬ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು. ಅವು ಅರವತ್ತರ ದಶಕದ ಮೊದಲ ವರ್ಷಗಳು. ಮದ್ರಾಸಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಆರು ವರ್ಷ ಕಳೆದಿದ್ದೆ. ಮೈಲಾಪೂರಿನಲ್ಲಿ ಮಹಡಿಯ ಮೇಲೊಂದು ಕೋಣೆ, ಅದರ ಪಕ್ಕ ಒಲೆ ಇಡುವಷ್ಟು ಜಾಗ. ವಯಸ್ಸು ಮೂವತ್ತೈದು ದಾಟಿತ್ತು, ನನ್ನ ಮದುವೆಯ ಮಾತನ್ನು ಮನೆಯವರೇ ಕೈಬಿಟ್ಟಿದ್ದರು. ನನಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಗೊತ್ತಾದ ದಿನ ಡಾಕ್ಟರು ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ್ದರು. ನಾನೇ ದೊಡ್ಡ ಪಂಡಿತನ ಹಾಗೆ ತಮಿಳಿನಲ್ಲಿ ಉತ್ತರ ಕೊಟ್ಟೆ. ಅವರೂ ಖುಷಿಯಾಗಿ ತಮಿಳಿಗೆ ಇಳಿದರು.

“ಅರಿಸಿ ವೇಂಡಾಂ. ಗೋದುಮೈ ರೊಟ್ಟಿ, ನಲ್ಲಾ ಸುಟ್ಟು ಸಾಪ್ಪಿಡುಂಗೋ,” ಎಂದರು. ಅಕ್ಕಿ ಬೇಡ, ಗೋಧಿ ರೊಟ್ಟಿಯನ್ನು ಚೆನ್ನಾಗಿ ಸುಟ್ಟು ತಿನ್ನಿ ಅಂತ.

ಧಾರವಾಡದ ಕಡೆಯವನಿಗೆ ಇದಕ್ಕಿಂತ ಬೇರೆ ಏನು ಬೇಕು? ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಗೋಧಿಯದಕ್ಕೆ ಚಪಾತಿ ಅನ್ನುತ್ತಾರೆಂದು ಪಾಪ ಇವರಿಗೆ ಗೊತ್ತಿಲ್ಲವಲ್ಲ ಎಂದು ಮರುಕವನ್ನೂ ಪಟ್ಟೆ.

ನನಗೆ ಚಪಾತಿ ಲಟ್ಟಿಸಲು ಬರುತ್ತಿರಲಿಲ್ಲ. ಊರಲ್ಲಿದ್ದ ಅಣ್ಣನಿಗೆ ಕಾಗದ ಬರೆದೆ: ಡಾಕ್ಟರ ಅಪ್ಪಣೆಯಾಗಿದೆ, ದಿನಾ ರೊಟ್ಟಿ ಬೇಕು, ಅವ್ವನನ್ನು ಕಳಿಸು. ನಿಜ ಹೇಳಬೇಕೆಂದರೆ ನಾನು ಹೆದರಿದ್ದು ಕಾಯಿಲೆಗಲ್ಲ. ಸಂಜೆ ಆಫೀಸು ಬಿಟ್ಟು ಬಂದು ಬೀಗ ತೆಗೆದರೆ ಯಾಕೆ ತಡ ಎಂದು ಕೇಳುವವರಿರಲಿಲ್ಲ. ಒಂದು ಉಡುಪಿ ಹೋಟೆಲಿತ್ತು. ಅಲ್ಲಿ ಬಡಿಸುವವರ ಕರಾವಳಿಯ ಕನ್ನಡ ನನ್ನ ಕನ್ನಡವಲ್ಲದಿದ್ದರೂ ಕನ್ನಡವೇ ಆಗಿತ್ತು. ಅದನ್ನು ಕೇಳುವ ಆಸೆಗೇ ಒಂದರ ಮೇಲೊಂದು ಕಾಫಿ ಕುಡಿಯುತ್ತಿದ್ದೆ. ಸಕ್ಕರೆ ಕಾಯಿಲೆ ಅದಕ್ಕೂ ಕಲ್ಲು ಹಾಕಿತು.

ಡಾಕ್ಟರು ಸಾಕು ಅನ್ನುವ ತನಕ ಇರಲಿ ಎಂದು ಬರೆದು ಅಣ್ಣ ಅವ್ವನನ್ನು ಕಳಿಸಿಕೊಟ್ಟ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಅವ್ವ ಬಂದವಳೇ ಗೋಧಿ ಹಸನು ಮಾಡಿ, ಗಿರಣಿಗೆ ಹಾಕಿಸಿ, ಹಿಟ್ಟನ್ನು ಜರಡಿ ಹಿಡಿಯದೆ ದಪ್ಪ ಚಪಾತಿ ಮಾಡತೊಡಗಿದಳು. ನಾನು ಊಟಕ್ಕೆ ಕೂತು ಆಫೀಸಿನವರನ್ನೆಲ್ಲ ಬೈಯುತ್ತಿದ್ದೆ. ಅವಳು ಹೂಂ, ಹೂಂ ಅನ್ನುತ್ತ ಇನ್ನೊಂದು ಹಾಕುತ್ತಿದ್ದಳು. ಆ ಮೂರು ತಿಂಗಳು ನಾನು ಸುಖವಾಗಿದ್ದೆ.

ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆಗೆ ಹೋದಾಗ ಸಕ್ಕರೆ ಇಳಿದಿತ್ತು. ಡಾಕ್ಟರು ಯಾವ ಬೇಕರಿಯಿಂದ ತರಿಸುತ್ತೀರಿ ಎಂದು ಕೇಳಿದರು. ಬೇಕರಿ ಯಾಕೆ, ರೊಟ್ಟಿ ಮಾಡಲು ಊರಿನಿಂದ ಅವ್ವ ಬಂದಿದ್ದಾಳೆ ಎಂದೆ. ಅವರು ಕನ್ನಡಕ ತೆಗೆದು ನಕ್ಕರು. ತಮಿಳಿನವರು ರೊಟ್ಟಿ ಅನ್ನುವುದು ಬ್ರೆಡ್ಡಿಗೆ. ನಮ್ಮ ಕಡೆ ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ಡಬಲ್ ರೊಟ್ಟಿ ಇದೆಯಲ್ಲ, ಅದಕ್ಕೆ. ಸುಟ್ಟು ಅಂದರೆ ಟೋಸ್ಟು ಮಾಡಿ ಅಂತ.

ಆಮೇಲೆ ತಮಿಳಿನಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ ಕೊಟ್ಟು ಮಕ್ಕಳಿಗೆ ಹೇಳುವ ಹಾಗೆ ವಿವರಿಸಿದರು. ಬಿಳಿಯ ಬ್ರೆಡ್ಡಲ್ಲ, ಇಡೀ ಗೋಧಿಯದು. ನಾವು ಎಮ್ಮೆಗೆ ಹಾಕುವ ಬೂಸಾ ಇದೆಯಲ್ಲ, ನಾರೂ ಕಬ್ಬಿಣವೂ ಬಿ ಜೀವಸತ್ವವೂ ಹೆಚ್ಚಾಗಿ ಇರುವುದು ಅದರಲ್ಲೇ. ನಾರು ಇದ್ದರೆ ರಕ್ತಕ್ಕೆ ಸಕ್ಕರೆ ನಿಧಾನವಾಗಿ ಏರುತ್ತದೆ. ಸುಟ್ಟರೆ ಸಕ್ಕರೆಯೂ ಸುಟ್ಟುಹೋಗುತ್ತದೆ ಎಂದು ಕೆಲವರು ತಿಳಿದಿರುತ್ತಾರೆ, ಅದು ಸುಳ್ಳು. ಹೋಗುವುದು ನೀರು, ಪಿಷ್ಟವೆಲ್ಲ ಅಲ್ಲೇ ಇರುತ್ತದೆ. ಬಿ ಜೀವಸತ್ವ ಮಾತ್ರ ಕಾವಿಗೆ ಸ್ವಲ್ಪ ಕಡಿಮೆಯಾಗುತ್ತದೆ, ಆದ್ದರಿಂದ ಕಪ್ಪಗೆ ಮಾಡಬೇಡಿ. ನಿಮ್ಮ ತಾಯಿಯ ಚಪಾತಿಯೂ ಅದೇ ಗೋಧಿ, ತಪ್ಪೇನಿಲ್ಲ. ಆದರೆ ವಯಸ್ಸಾದವರನ್ನು ಯಾಕೆ ದಣಿಸುತ್ತೀರಿ, ಬ್ರೆಡ್ಡಾದರೆ ಒಂಟಿ ಮನುಷ್ಯ ತಾನೇ ಮಾಡಿಕೊಳ್ಳಬಹುದಲ್ಲ ಎಂದರು.

ಒಂಟಿ ಮನುಷ್ಯ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಡಾಕ್ಟರು ಏನಂದರು ಎಂದು ಅವ್ವ ಕೇಳಿದಾಗ, ಇನ್ನೂ ಆರು ತಿಂಗಳು ರೊಟ್ಟಿ ಬೇಕಂತೆ ಎಂದೆ. ನನಗೆ ನಾಚಿಕೆಯಾಗಲಿಲ್ಲ.

ಒಂದು ವಾರದ ಮೇಲೆ ಅವ್ವ ಹಿಟ್ಟು ನಾದುತ್ತ ಕೇಳಿದಳು.

“ಕೆಳಗಿನ ಮನಿ ಮಾಮಿ ಬೇಕರಿದು ತೋರ್ಸಿ ರೊಟ್ಟಿ, ರೊಟ್ಟಿ ಅಂತಾಳ. ನಿಮ್ಮ ಡಾಕ್ಟರ್ ಹೇಳಿದ್ದು ಅದನ್ನ ಏನು ಮತ್ತ?”

ನಾನು ಪೆಟ್ಟಿಗೆಯಿಂದ ಹಾಳೆ ತೆಗೆದು, ನನಗೆ ಬೇಕಾದ ಒಂದೇ ಸಾಲನ್ನು ಓದಿ ಕನ್ನಡದಲ್ಲಿ ಹೇಳಿದೆ. “ನೋಡವಾ, ಅದನ್ನ ಸುಟ್ರ ಜೀವಸತ್ವ ಕಡಿಮಿ ಆಗತೈತಿ ಅಂತ ಬರ್ದಾರ. ಅದರಾಗ ಶಕ್ತಿ ಇಲ್ಲ.”

ನಾರು, ಕಬ್ಬಿಣ ಎಲ್ಲವನ್ನೂ ನುಂಗಿಹಾಕಿದೆ. ಚಪಾತಿಗೂ ಕಾವು ತಾಗುತ್ತದೆ ಎಂದು ಅವಳಿಗೆ ಹೊಳೆಯಲಿಕ್ಕಿಲ್ಲ ಎಂದುಕೊಂಡೆ. ಓದು ಬಾರದವಳ ಮುಂದೆ ಹಾಳೆ ಹಿಡಿದು ಗೆದ್ದೆ. ಅವ್ವ “ಹೌದಾ” ಎಂದು ನಾದುವುದನ್ನು ಮುಂದುವರಿಸಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ತಟ್ಟೆಯಲ್ಲಿ ಎರಡು ತುಂಡು ಬ್ರೆಡ್ಡು ಇದ್ದವು. ಕಂದು ಬಣ್ಣದವು. ಹಂಚಿನ ಮೇಲೆ ಎರಡೂ ಮಗ್ಗುಲು ಹದವಾಗಿ ಸುಟ್ಟಿದ್ದಳು, ಎಲ್ಲಿಯೂ ಕಪ್ಪಾಗಿರಲಿಲ್ಲ. ಪಕ್ಕದಲ್ಲಿ ಮೆಂತ್ಯದ ಪಲ್ಯ.

“ಏನವಾ ಇದು?”

“ಡಾಕ್ಟರ್ ಹೇಳಿದ ರೊಟ್ಟಿ. ನಿನ್ನ ಹಾಳಿ ಮಾಮಿಗೆ ತೋರ್ಸಿ, ಆಕಿ ಕೂಡ ಹೋಗಿ ತಂದೆ.”

“ಅದರಾಗ ತತ್ತಿ ಹಾಕಿರ್ತಾರ.”

“ಹಾಕಿಲ್ಲಂತ. ಕೈಲೇ ತೋರ್ಸಿ ಕೇಳೇನಿ.” ಅವ್ವ ಒಲೆಯ ಮುಂದೆಯೇ ಕೂತಿದ್ದಳು. “ಮೂರು ದಿನಾ ನಾನೂ ತಿಂದು ನೋಡೀನಿ, ನೀ ಆಫೀಸಿಗೆ ಹ್ವಾದ ಮ್ಯಾಲ. ಎರಡು ತುಂಡು, ಒಂದೀಟು ಪಲ್ಯಾ ಇದ್ರ ಮಧ್ಯಾಹ್ನದ ಮಟಾ ಹಸಿವು ಆಗೂದಿಲ್ಲ. ನಿನಗ ಸಾಕಾಗತೈತಿ.”

ಹಣೆಗೆ ವಿಭೂತಿ ಹಚ್ಚದೆ ನೀರು ಮುಟ್ಟದವಳು, ಪರರ ಮನೆಯ ಚಹಾ ಕೂಡ ಕುಡಿಯದವಳು, ಬೇಕರಿಯ ಬ್ರೆಡ್ಡನ್ನು ಮೂರು ದಿನ ಒಬ್ಬಳೇ ಕೂತು ತಿಂದಿದ್ದಳು. ಮಗ ಹಸಿದಿರುತ್ತಾನೋ ಇಲ್ಲವೋ ಎಂದು ತನ್ನ ಹೊಟ್ಟೆಯಿಂದಲೇ ನೋಡಿಕೊಂಡಿದ್ದಳು. ಅದು ಅರ್ಥವಾದರೂ ನನಗೆ ಬಂದದ್ದು ಸಿಟ್ಟು.

“ನಿನಗ ಇಲ್ಲಿ ಏನ ಕಡಿಮಿ ಆಗೈತಿ ಹೇಳು,” ಎಂದು ಜೋರು ಮಾಡಿದೆ.

“ಏನೂ ಕಡಿಮಿ ಇಲ್ಲೋ ಯಪ್ಪಾ. ನೀ ಹೊತ್ತು ಮುಣಗಿದ ಮ್ಯಾಲ ಬರ್ತಿ. ಅಲ್ಲೀತನಕ ನಾ ಯಾರ ಕೂಡ ಮಾತಾಡ್ಲಿ? ಮಾಮಿ ಚಲೋ ಹೆಣ್ಮಗಳು. ಆದ್ರ ಆಕಿ ಮಾತು ನನಗ ತಿಳಿಯೂದಿಲ್ಲ, ನನ್ನದು ಆಕಿಗೆ ತಿಳಿಯೂದಿಲ್ಲ. ಮೊನ್ನೆ ಹಿಟ್ಟಿನ ಡಬ್ಬಿ ಕೂಡ ಮಾತಾಡಾಕ ಹತ್ತಿದ್ದೆ. ನನಗ ಅಂಜಿಕಿ ಬಂತು.”

ಆ ಮೂರು ತಿಂಗಳಲ್ಲಿ, ಹಗಲೆಲ್ಲ ಏನು ಮಾಡಿದೆ ಎಂದು ನಾನು ಅವಳನ್ನು ಒಂದು ದಿನವೂ ಕೇಳಿರಲಿಲ್ಲ. ಬಂದೊಡನೆ ನನ್ನ ಪುರಾಣ ಬಿಚ್ಚುತ್ತಿದ್ದೆ. ಆರು ವರ್ಷ ನಾನು ಹೊತ್ತದ್ದನ್ನು ಅವಳ ತಲೆಗೆ ದಾಟಿಸಿ ಹಗುರಾಗಿ ಓಡಾಡಿಕೊಂಡಿದ್ದೆ. ತುಂಡು ಮುರಿದು ಪಲ್ಯಕ್ಕೆ ಹಚ್ಚಿ ತಿಂದೆ. ರುಚಿಯಾಗಿಯೇ ಇತ್ತು. ಹಾಗಿದ್ದದ್ದಕ್ಕೇ ನನಗೆ ಅಳು ಬಂತು.

ನಾನು ತಿಂದು ಮುಗಿಸುವ ತನಕ ಅವ್ವ ಕಾದಳು.

“ಇನ್ನ ನಾ ಹೋಗ್ಲೇನಪಾ?”

ಅವ್ವ ನನ್ನ ಅಪ್ಪಣೆ ಕೇಳುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದವಳು.

“ಹೋಗವಾ,” ಎಂದೆ.

ನಮ್ಮಲ್ಲಿ ಯಾರಿಗೂ ಬರೀ ಹೋಗು ಅನ್ನುವುದಿಲ್ಲ, ಹೋಗಿ ಬಾ ಅನ್ನುತ್ತೇವೆ. ಅವತ್ತು ಅವಳನ್ನು ಮತ್ತೆ ಬಾ ಎಂದು ಕರೆಯಲು ನನಗೆ ಮುಖವಿರಲಿಲ್ಲ.