ಊರು ಬಿಟ್ಟವರ ಪಟ್ಟಿಯಲ್ಲಿ ದುರುಗೇಶ

ಕಮಲಾಪುರದ ಉಚ್ಚೆಂಗಮ್ಮನಿಗೆ ಮೊದಲ ಸಲ ಮೂರ್ಛೆ ಬಂದಾಗ ಹನ್ನೊಂದು ವರ್ಷ. ಶಾಲೆಯ ಅಂಗಳದಲ್ಲಿ ಬಿದ್ದವಳ ಮೂಗಿಗೆ ಯಾರೋ ಚಪ್ಪಲಿ ಹಿಡಿದರು. ಮುಂದೆ ಹದಿನೆಂಟು ವರ್ಷ, ಬಿದ್ದಲ್ಲೆಲ್ಲ ಒಂದಲ್ಲ ಒಂದು ಚಪ್ಪಲಿ ಸಿಗುತ್ತಲೇ ಇತ್ತು. ಎಚ್ಚರವಾದಾಗ ಬಾಯಲ್ಲಿ ರಕ್ತ, ಮೂಗಲ್ಲಿ ತೊಗಲಿನ ನಾತ, ಸುತ್ತ ನಿಂತವರ ಮುಖದಲ್ಲಿ ಹೇಸಿಗೆ. ಕಟ್ಟಿಕೊಂಡ ಗಂಡ ನಾಲ್ಕನೇ ತಿಂಗಳಿಗೇ ತವರಿಗೆ ತಂದು ಬಿಟ್ಟು ಹೋದ.

ಇದರಿಂದ ಅವಳನ್ನು ಬಿಡಿಸಿದವರು ಹೊಸಪೇಟೆಯ ಡಾಕ್ಟರ್ ಹಾಲೇಶ್. "ಇದು ದೆವ್ವನೂ ಅಲ್ಲ, ಪಾಪನೂ ಅಲ್ಲ. ಮಿದುಳಿನ ಜಡ್ಡು. ಒಂದ್ ದಿನನೂ ಗುಳಿಗಿ ತಪ್ಪಿಸಬ್ಯಾಡ" ಅಂದರು. ಅವಳು ತಪ್ಪಿಸಲಿಲ್ಲ. ಎರಡು ವರ್ಷದೊಳಗೆ ಫಿಟ್ಸ್ ನಿಂತಿತು. ಅವರ ಕಾರು ಬೀದಿಯಲ್ಲಿ ಕಂಡರೆ ಕೂತಲ್ಲಿಂದ ಏಳುವಷ್ಟು ಭಕ್ತಿ ಅವಳಿಗೆ.

ಡಾಕ್ಟರು ಮೂರ್ಛೆರೋಗದ ಮೇಲೆ ಸಂಶೋಧನೆ ಹಚ್ಚಿದಾಗ ಅವಳನ್ನೇ ಕರೆದರು. ಮನೆಮನೆಗೆ ಗುಳಿಗೆ ಮುಟ್ಟಿಸುವುದು, ಯಾರಿಗೆ ಯಾವತ್ತು ಫಿಟ್ಸ್ ಬಂತೆಂದು ಪುಸ್ತಕದಲ್ಲಿ ಬರೆಯುವುದು ಕೆಲಸ. ಕಮಲಾಪುರದಿಂದ ಕಂಪ್ಲಿಯವರೆಗೆ ಅರವತ್ತೆರಡು ಜನ. ಅವರಲ್ಲೊಬ್ಬ ಹಂಪಕ್ಕನ ಮಗ ದುರುಗೇಶ, ಇಪ್ಪತ್ತನಾಲ್ಕರ ಹುಡುಗ, ಬಾಳೆಗೊನೆ ಕಡಿಯುವವ. "ಅಕ್ಕ, ಈಗ ನನಗೂ ಲಾರಿ ಮ್ಯಾಲೆ ಹತ್ತಾಕ ಬಿಡ್ತಾರ. ಮೊದ್ಲು ದೂರ ಕುಂದ್ರಸ್ತಿದ್ರು" ಎಂದು ಹೇಳಿ ನಕ್ಕಿದ್ದ.

ಮೂರನೇ ವರ್ಷದ ಬೇಸಿಗೆಯಲ್ಲಿ ಗುಳಿಗೆ ಬರುವುದು ನಿಂತಿತು. ಉಚ್ಚೆಂಗಮ್ಮ ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದಳು. "ಬರ್ತಾವ, ಬರ್ತಾವ" ಅಂದರು. ಬಂದದ್ದು ಐದು ವಾರದ ಮೇಲೆ. ಅಷ್ಟರಲ್ಲಿ ದುರುಗೇಶ ಕಾಲುವೆಯಲ್ಲಿ ಮುಖ ತೊಳೆಯಲು ಬಗ್ಗಿದವನು ಮೈಯೆಲ್ಲ ಸೆಟೆದು ನೀರಿಗೆ ಬಿದ್ದಿದ್ದ. ಜೊತೆಗಾರರು ಓಡಿಬರುವ ಹೊತ್ತಿಗೆ ನೀರು ಎಳೆದೊಯ್ದಿತ್ತು. ಉಚ್ಚೆಂಗಮ್ಮ ಪುಸ್ತಕದಲ್ಲಿ ಬರೆದಳು: ಗುಳಿಗೆ ಇರಲಿಲ್ಲ, ಫಿಟ್ಸ್ ಬಂದು ಕಾಲುವೆಯಲ್ಲಿ ಸತ್ತ.

ಮರುವರ್ಷ ಡಾಕ್ಟರ ಲೇಖನ ದೊಡ್ಡದೊಂದು ಇಂಗ್ಲಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೊಸಪೇಟೆಯ ಹೋಟೆಲೊಂದರಲ್ಲಿ ಸಮಾರಂಭ. ಉಚ್ಚೆಂಗಮ್ಮನಿಗೂ ಶಾಲು ಹೊದಿಸಿದರು. ಅವಳು ಹಿಗ್ಗಿ ಮನೆಗೆ ಬಂದಳು.

ವಾರದ ಮೇಲೆ ದುರುಗೇಶನ ತಂಗಿ ಯಶೋಧರಾ ಬಂದಳು. ಚಿತ್ತವಾಡ್ಗಿಯಲ್ಲಿ ರೂಮು ಮಾಡಿಕೊಂಡು ನರ್ಸಿಂಗ್ ಓದುವ ಹುಡುಗಿ. ಇಂಗ್ಲಿಷ್ ಲೇಖನವನ್ನು ಮೊಬೈಲಿನಲ್ಲಿ ತೆರೆದು, ಕನ್ನಡ ಮಾಡಿ ಹೇಳಿದಳು. "ಗುಳಿಗಿ ಒಂದು ದಿನನೂ ತಪ್ಪಿಲ್ಲ ಅಂತ ಬರದಾರಕ್ಕ. ಸತ್ತವ್ರು ಒಬ್ರೂ ಇಲ್ಲಂತ. ಊರು ಬಿಟ್ಟು ಹೋದವ್ರು ಏಳು ಮಂದಿಯಂತ."

ಉಚ್ಚೆಂಗಮ್ಮ ಬೆರಳು ಮಡಿಚಿ ಹೆಸರು ಹಿಡಿದು ಲೆಕ್ಕ ಹಾಕಿದಳು. ಊರು ಬಿಟ್ಟವರು ಆರೇ ಜನ. ಏಳನೆಯವನು ಯಾರೆಂದು ಇಬ್ಬರಿಗೂ ತಿಳಿಯಿತು.

ಮಾರನೇ ದಿನ ಆಸ್ಪತ್ರೆಗೆ ಹೋದಳು. ಡಾಕ್ಟರು ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು.

"ಸರ್, ದುರುಗೇಶ ಯಾವ ಊರಿಗೆ ಹೋಗ್ಯಾನ್ರಿ?"

ಅವರಿಗೆ ತಟ್ಟನೆ ಅರ್ಥವಾಯಿತು. "ಫಿಟ್ಸ್ ಬಂದೇ ಬಿದ್ದಾ ಅನ್ನಾಕ ಏನು ಪುರಾವೆ? ಒಬ್ಬನ ಸಲುವಾಗಿ ಇಷ್ಟು ವರ್ಷದ ಕೆಲಸ ಕೆಡಸಾಕ ಆಗ್ತೈತೇನು? ಇದರಿಂದ ನಾಳೆ ಸಾವಿರ ಮಂದಿಗೆ ಅನುಕೂಲ ಆಗ್ತೈತಿ."

"ನಾನು ಫೋನ್ ಮಾಡಿದ್ದೆನ್ರಿ, ಮೂರು ಸಲ."

ಬೆರಳಿಗಂಟಿದ ಬಿಸ್ಕತ್ತು ನೆಕ್ಕಿ ಡಾಕ್ಟರು ಅಂದರು, "ನಿನಗ ಬದುಕು ಕೊಟ್ಟವ್ರು ಯಾರು, ನೆನಪೈತೇನು?"

"ನೆನಪೈತ್ರಿ. ಅದಕ್ಕ ಇಷ್ಟು ಹೇಸಿಗಿ ಆಗಾಕತ್ತೈತಿ."

ಬಸ್ಸಿನಲ್ಲಿ ಬರುವಾಗ ತನ್ನ ಮೇಲೂ ಅಸಹ್ಯವಾಯಿತು. ಹಂಪಕ್ಕ ಇನ್ನೂ ಮಗನ ಅಂಗಿ ಒಗೆದು ಒಣಗಿಸುತ್ತಿದ್ದಾಳೆ. ತಾನು ಶಾಲು ಹೊದ್ದು ಫೋಟೋಕ್ಕೆ ನಿಂತಿದ್ದಳು.

ಪುಸ್ತಕದ ಜೆರಾಕ್ಸ್ ಪ್ರತಿ ಅವಳ ಟ್ರಂಕಿನಲ್ಲಿತ್ತು. ಯಶೋಧರಾ ಹಾಳೆಹಾಳೆಯ ಫೋಟೋ ತೆಗೆದು, ಪತ್ರ ಬರೆದು ಪತ್ರಿಕೆಗೆ ಕಳಿಸಿದಳು. ಏಳು ತಿಂಗಳಾದ ಮೇಲೆ ತಿದ್ದುಪಡಿ ಅಚ್ಚಾಯಿತು. ಐದು ವಾರ ಗುಳಿಗೆ ಇರಲಿಲ್ಲ, ಒಬ್ಬರು ನೀರಿನಲ್ಲಿ ಮುಳುಗಿ ಸತ್ತರು, ಇದರಿಂದ ಲೇಖನದ ತೀರ್ಮಾನವೇನೂ ಬದಲಾಗುವುದಿಲ್ಲ. ಅಷ್ಟೇ. ಡಾಕ್ಟರಿಗೆ ಕೂದಲೂ ಕೊಂಕಲಿಲ್ಲ. ಮುಂದಿನ ಸಂಶೋಧನೆಗೆ ಬೇರೆ ಹೆಂಗಸನ್ನು ಇಟ್ಟುಕೊಂಡರು.

ಯಶೋಧರಾ ಅದನ್ನು ಓದಿ ಹೇಳಿದಾಗ ಹಂಪಕ್ಕ ಕೇಳಿದ್ದು ಒಂದೇ: "ಹೆಸರು ಬರದಿಲ್ಲೇನು?" ಬರೆದಿರಲಿಲ್ಲ.

ಈಗ ಪುಸ್ತಕದಲ್ಲಿದ್ದ ಜನರೆಲ್ಲ ಸರ್ಕಾರಿ ಆಸ್ಪತ್ರೆಯಿಂದಲೇ ಗುಳಿಗೆ ತರುತ್ತಾರೆ. ಹೋದ ತಿಂಗಳು ಅಲ್ಲಿಯೂ ಸ್ಟಾಕ್ ಇಲ್ಲ ಅಂದರು. ಉಚ್ಚೆಂಗಮ್ಮ ಹಂಪಕ್ಕನನ್ನೂ ಹತ್ತಾರು ಹೆಂಗಸರನ್ನೂ ಕರೆದುಕೊಂಡು ಹೋಗಿ ಔಷಧಿ ಕಿಟಕಿಯ ಮುಂದೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಸಂಡೂರಿನಿಂದ ಗುಳಿಗೆ ತರಿಸಿದರು. ಅಷ್ಟರಲ್ಲಿ ಡಾಕ್ಟರ್ ಹಾಲೇಶರು ಯಾವುದೋ ಮೀಟಿಂಗಿಗೆಂದು ಅದೇ ದಾರಿಯಲ್ಲಿ ಬಂದರು. ಹೆಂಗಸರು ಸರಿದು ಜಾಗ ಬಿಟ್ಟರು. ಉಚ್ಚೆಂಗಮ್ಮ ಕೂತಲ್ಲೇ ಕೂತಿದ್ದಳು. ಡಾಕ್ಟರು ಅವಳನ್ನು ಸುತ್ತುಬಳಸಿ ಹೋದರು.