ನನ್ನ ನಕ್ಷೆಯಲ್ಲಿ ಕಳೆದುಹೋದ ಹಡಗು

ಮೂವತ್ತು ವರ್ಷ ನಾನು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದವನು. ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗಿದ್ದರೂ ‘ರಿಜೆಕ್ಟ್’ ಎಂದು ಕೆಂಪು ಬಣ್ಣ ಬಳಿಯುವುದೇ ನನ್ನ ಉದ್ಯೋಗ. ನಿವೃತ್ತನಾಗಿ ಕೆ.ಆರ್. ಪುರದ ಮನೆಗೆ ಬಂದ ಮೇಲೆ ತಪ್ಪು ಹುಡುಕಲು ಹೆಂಡತಿಯೊಬ್ಬಳೇ ಉಳಿದಳು. ಅವಳು ಒಂದು ವಾರ ತಡೆದುಕೊಂಡಳು. ಆಮೇಲೆ, “ರೀ, ನಿಮಗೆ ಕೈ ಮುಗೀತೀನಿ, ಆ ಕಂಪ್ಯೂಟರ್ ಮುಂದೆ ಹೋಗಿ ಕೂತ್ಕೊಳ್ಳಿ” ಎಂದಳು. ಹಾಗೆ ನನ್ನ ಕಣ್ಣು ಆಕಾಶದ ಮೇಲೆ ಬಿತ್ತು.

ಕಂಪ್ಯೂಟರಿನಲ್ಲೇ ಪರಿಚಯವಾದ ನಾವು ನಾಲ್ವರು ಭಾನುವಾರ ಮಧ್ಯಾಹ್ನ ಬೆನ್ಸನ್ ಟೌನಿನಲ್ಲಿ ಸೇರಿ ಒಂದು ಆಟ ಆಡುತ್ತಿದ್ದೆವು. ಮೇಜಿನ ಸುತ್ತ ಕೂತು, ನಾವೆಲ್ಲ ಮುಂದೆಂದೋ ಬರುವ ಕಾಲದ ಅಂತರಿಕ್ಷ ಹಡಗಿನವರು ಎಂದುಕೊಳ್ಳುವುದು. ಒಬ್ಬ ಕತೆ ನಡೆಸಿ ತೀರ್ಪು ಕೊಡುತ್ತಾನೆ; ಮಿಕ್ಕವರು ದಾಳ ಹಾಕಿ ಹಡಗು ನಡೆಸುತ್ತಾರೆ. ತೀರ್ಪು ಕೊಡುವವನು ಯಾರು ಅಂತ ಬೇರೆ ಹೇಳಬೇಕೆ? ಸೇರುತ್ತಿದ್ದ ಮನೆ ದಂತವೈದ್ಯೆಯೊಬ್ಬರದು. ಇನ್ನೊಬ್ಬರು ಬಾಣಸವಾಡಿಯ ಗಣಿತದ ಮೇಷ್ಟ್ರು. ಮತ್ತೊಬ್ಬರು ಶಿವಾಜಿನಗರದಲ್ಲಿ ದರ್ಜಿಗಳಿಗೆ ಗುಂಡಿ, ಜಿಪ್, ಲೈನಿಂಗ್ ಬಟ್ಟೆ ಮಾರುವವರು. ಅವರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಆರು ವರ್ಷದಿಂದ ಭಾಯ್ ಒಂದೇ ಹಡಗಿನ ಕ್ಯಾಪ್ಟನ್. ಆ ಹಡಗಿನ ಸಿಬ್ಬಂದಿಯ ಜ್ವರ, ಮದುವೆ, ಜಗಳವೆಲ್ಲ ಅವರ ಬಾಯಲ್ಲಿ ಸ್ವಂತ ನೆಂಟರ ಸುದ್ದಿಯಂತೆ ಬರುತ್ತಿತ್ತು.

ಆಟಕ್ಕೆ ನಕ್ಷತ್ರಗಳ ನಕ್ಷೆ ಬೇಕು. ಅದನ್ನು ಬಿಡಿಸುವ ಸಾಫ್ಟ್‌ವೇರನ್ನು ಹವ್ಯಾಸಿಗಳು ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಹಂಚುತ್ತಾರೆ. ಆದರೆ ಅದು ಯಾರೋ ಮಾಡಿದ್ದು. ಯಾರೋ ಮಾಡಿದ್ದನ್ನು ನಾನು ನಂಬುವುದುಂಟೆ! ನಾನೇ ಬರೆದೆ. ಸೂರ್ಯನ ಸುತ್ತಮುತ್ತ ನಿಜವಾಗಿ ಇರುವ ನಕ್ಷತ್ರಗಳ ಪಟ್ಟಿ ಹುಡುಕಿ, ಪ್ರತಿಯೊಂದಕ್ಕೂ ಮೂರು ಅಂಕಿ ಕೈಯಾರೆ ತುಂಬಿದೆ: ಸೂರ್ಯನಿಂದ ಎಷ್ಟು ಎಡಬಲ, ಎಷ್ಟು ಮೇಲೆ ಕೆಳಗೆ, ಎಷ್ಟು ಹಿಂದೆ ಮುಂದೆ. ಹಿಂದೆ ಇದ್ದರೆ ಅಂಕಿಗೆ ಮೈನಸ್. ಇಷ್ಟು ಕೊಟ್ಟರೆ ಯಾವ ಎರಡು ನಕ್ಷತ್ರಗಳ ನಡುವಿನ ದೂರವನ್ನೂ ಸಾಫ್ಟ್‌ವೇರ್ ಹೇಳುತ್ತದೆ. ಮೂಲ ಪಟ್ಟಿಯ ಜೆರಾಕ್ಸ್ ಮಾಡಿಸಿ ಮೂವರಿಗೂ ಹಂಚಿದೆ, ನನ್ನ ಶ್ರಮ ಅವರಿಗೂ ಗೊತ್ತಾಗಲಿ ಅಂತ.

ನಮ್ಮ ಆಟದಲ್ಲಿ ಹಡಗು ಒಂದು ನೆಗೆತಕ್ಕೆ ಏಳು ಜ್ಯೋತಿರ್ವರ್ಷ ದಾಟಬಲ್ಲದು. ಅದಕ್ಕಿಂತ ದೂರದ ನಕ್ಷತ್ರಕ್ಕೆ ನೆಗೆದರೆ ನಡುದಾರಿಯಲ್ಲಿ ಇಂಧನ ಮುಗಿದು, ಕತೆ ಅಲ್ಲಿಗೆ ಮುಗಿಯಿತು. ಒಂದು ಭಾನುವಾರ ಭಾಯ್ ಒಂದು ಸಣ್ಣ ಕೆಂಪು ನಕ್ಷತ್ರ ತೋರಿಸಿ, “ಐದು ಚಿಲ್ರೆ ಆಗುತ್ತೆ ಸಾರ್. ನೆಗೀತೀನಿ” ಎಂದರು. ನಾನು ಅಂಕಿ ಒತ್ತಿದೆ. ಪರದೆಯ ಮೇಲೆ ಹತ್ತು ಬಂತು.

“ಹಡಗು ಹೋಯ್ತು ಭಾಯ್” ಎಂದೆ.

“ಅರೆ, ಹೆಂಗೆ ಸಾರ್? ನೀವು ಕೊಟ್ಟ ಪಟ್ಟೀನೇ ಇಟ್ಕೊಂಡು ಲೆಕ್ಕ ಹಾಕಿದೀನಿ. ಇನ್ನೊಂದ್ಸಲ ನೋಡಿ.”

ನೋಡಬಹುದಿತ್ತು. ಅರ್ಧ ನಿಮಿಷದ ಕೆಲಸ. ಅದರ ಬದಲು ನಾನು ಕುರ್ಚಿಗೆ ಒರಗಿ, “ಲೈನಿಂಗ್ ಬಟ್ಟೆ ಅಳೆಯೋ ಹಂಗಲ್ಲ ಭಾಯ್ ಇದು, ಆಕಾಶ” ಎಂದೆ. ಮೇಷ್ಟ್ರು ಕಿಸಕ್ಕೆಂದರು, ವೈದ್ಯೆಯೂ ನಕ್ಕರು. ಭಾಯ್ ತಮ್ಮ ಟಿಪ್ಪಣಿ ಪುಸ್ತಕ ಮಡಚಿ, “ಸಾಫ್ಟ್‌ವೇರ್ ಹೇಳಿದ ಮೇಲೆ ಮುಗೀತು ಬಿಡಿ” ಎಂದು ಚಹಾ ಮುಗಿಸಿ ಎದ್ದರು.

ಮುಂದಿನ ವಾರ ಭಾಯ್ ಬರಲಿಲ್ಲ. ಅದರ ಮುಂದಿನ ವಾರ ವೈದ್ಯೆಗೆ ಯಾರದೋ ಮದುವೆ, ಮೇಷ್ಟ್ರಿಗೆ ಹೊಟ್ಟೆ ಸರಿಯಿಲ್ಲ. ಮೂರನೆಯ ವಾರ ಮತ್ತೆ ಮದುವೆ, ಮತ್ತೆ ಹೊಟ್ಟೆ. ನನಗೆ ರೇಗಿತು. ನಾನೇ ಸರಿ ಎಂದು ಎಲ್ಲರ ಮುಖಕ್ಕೆ ಹಿಡಿಯೋಣವೆಂದು ಪಟ್ಟಿ ತೆಗೆದು, ನಾನು ತುಂಬಿದ ಅಂಕಿಗಳ ಜೊತೆ ಒಂದೊಂದನ್ನೇ ತಾಳೆ ನೋಡಿದೆ. ಆ ಕೆಂಪು ನಕ್ಷತ್ರದ ಮೂರನೆಯ ಅಂಕಿಗೆ ಪಟ್ಟಿಯಲ್ಲಿ ಮೈನಸ್ ಇತ್ತು. ನನ್ನಲ್ಲಿ ಇರಲಿಲ್ಲ. ಹಿಂದೆ ಇರಬೇಕಾದ ನಕ್ಷತ್ರವನ್ನು ಮುಂದೆ ತಂದಿಟ್ಟು, ಒಬ್ಬ ಮನುಷ್ಯನ ಆರು ವರ್ಷವನ್ನು ಕತ್ತಲೆಗೆ ತಳ್ಳಿದ್ದೆ. ಕಂಪ್ಯೂಟರ್ ಆರಿಸಿ ಎದ್ದೆ. ನಾಚಿಕೆ, ಅಷ್ಟೆ.

ಹೆಂಡತಿಗೆ ಹೇಳಿದೆ. “ತಪ್ಪಾಯ್ತು ಅಂತ ಹೇಳಿ ಬನ್ನಿ. ಬಾಯಿಗೇನು ಹೊಲಿಗೆ ಹಾಕಿದಾರಾ?” ಎಂದಳು. ಅವಳಿಗೇನು ಗೊತ್ತು ತಪಾಸಣೆ ವಿಭಾಗದ ಮರ್ಯಾದೆ! ನಾನು ಒಂದು ಉಪಾಯ ಹೂಡಿದೆ. ದಾರಿಹೋಕ ಹಡಗೊಂದು ಅಕಸ್ಮಾತ್ತಾಗಿ ಬಂದು ಭಾಯ್ ಹಡಗನ್ನು ಕಾಪಾಡಿತು ಎಂದು ಕತೆ ಕಟ್ಟುವುದು. ಅವರಿಗೆ ಹಡಗು ಸಿಕ್ಕಿತು, ನನಗೆ ಉದಾರಿ ಎಂಬ ಹೆಸರು ಬಂತು, ಮೈನಸ್ ಸುದ್ದಿ ಯಾರಿಗೂ ಬೇಡ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಶಿವಾಜಿನಗರದ ಬಸ್ ಹತ್ತಿದೆ. ಅಂಗಡಿಯ ಷಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ನುಗ್ಗಿ ತಲೆಯೆತ್ತಿದರೆ, ಮೂಗಿಗೆ ಒಂದು ಗುಂಡಿ ತಗುಲಿತು. ಚಾವಣಿ ತುಂಬ ದಾರ, ದಾರದ ತುದಿಗೆ ಗುಂಡಿ: ಕೆಂಪು, ಹಳದಿ, ಬಿಳಿ, ಅಂಗಿಯದು, ಕೋಟಿನದು. ನನ್ನ ಪಟ್ಟಿಯ ನಕ್ಷತ್ರಗಳೆಲ್ಲ ಒಂದು ಜ್ಯೋತಿರ್ವರ್ಷಕ್ಕೆ ಒಂದು ಇಂಚಿನಂತೆ ಅಲ್ಲಿ ತೂಗಾಡುತ್ತಿದ್ದವು. ಅವುಗಳ ಕೆಳಗೆ, ಲೈನಿಂಗ್ ಬಟ್ಟೆಯ ಥಾನುಗಳ ಮೇಲೆ, ಮದುವೆಗೆ ಹೋದ ವೈದ್ಯೆಯೂ ಹೊಟ್ಟೆ ಕೆಟ್ಟ ಮೇಷ್ಟ್ರೂ ಬೋಂಡಾ ತಿನ್ನುತ್ತ ಕೂತಿದ್ದರು. ದಾಳ ಉರುಳಿಸಿ ತೀರ್ಪು ಕೊಡುತ್ತಿದ್ದವರು ಭಾಯ್.

ಆಟ ನಿಂತಿರಲಿಲ್ಲ. ನಾನೊಬ್ಬ ಹೊರಗಿದ್ದೆ.

“ಬನ್ನಿ ಸಾರ್” ಎಂದರು ಭಾಯ್. ಮೇಷ್ಟ್ರು ಬೋಂಡಾದ ಕಡೆ ನೋಡತೊಡಗಿದರು. ನಾನು “ನಿಮ್ಮ ಹಡಗಿನ ಹತ್ರ ಇನ್ನೊಂದು ಹಡಗು ಹಾದುಹೋಗ್ತಿತ್ತಂತೆ” ಎಂದು ಶುರುಮಾಡಿದೆ. ಭಾಯ್ ಕೈಯೆತ್ತಿ ಒಂದು ಕೆಂಪು ಗುಂಡಿಯನ್ನು ಮೆಲ್ಲಗೆ ಹಿಡಿದರು. ಅದು ಗೋಡೆಯ ಕಡೆ, ಹಿಂದೆ ಇತ್ತು, ಇರಬೇಕಾದ ಜಾಗದಲ್ಲೇ.

“ಮೈನಸ್ ಬಿಟ್ಬಿಟ್ಟಿದ್ದೆ ಭಾಯ್” ಎಂದೆ. “ನಿಮ್ಮ ಲೆಕ್ಕ ಸರಿ. ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು.” ಕಣ್ಣಲ್ಲಿ ನೀರು ಬಂದುಬಿಟ್ಟಿತು. ಥತ್, ಈ ವಯಸ್ಸಿನಲ್ಲಿ.

“ಮೊದಲ್ನೇ ವಾರಾನೇ ಗೊತ್ತಾಯ್ತು ಸಾರ್. ನೀವೇ ಹೇಳ್ತೀರೇನೋ ಅಂತ ನೋಡ್ತಿದ್ವಿ” ಎಂದು ಭಾಯ್ ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಆಡ್ತೀರಾ? ನನ್ನ ಹಡಗು ಅವತ್ತೇ ಮುಟ್ತು. ಅದರಲ್ಲಿ ಎಲ್ಲ ಕೆಲಸಾನೂ ಭರ್ತಿ ಆಗಿದೆ. ಅಡುಗೆಯವನು ಒಬ್ಬ ಬೇಕು.”

ನಾನು ಥಾನಿನ ಮೇಲೆ ಕೂತೆ.

“ಹೇಳಿ ಸಾರ್, ಇವತ್ತು ಊಟಕ್ಕೆ ಏನು ಮಾಡ್ತೀರಾ?”

“ಕ್ಯಾಪ್ಟನ್ ಏನು ಹೇಳ್ತಾರೋ ಅದು” ಎಂದೆ.