ತಿದ್ದದೆ ಬಿಟ್ಟ ಮೂಗು

ನನ್ನ ಮೂಗು ಹೀಗೆ ಒಂದು ಕಡೆ ವಾಲಿಕೊಂಡಿರುವುದಕ್ಕೆ ಚನ್ನಬಸವ್ವ ಆಯಿಯೇ ಕಾರಣ. ಕಮರಿಪೇಟೆಯ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆದವಳು ಅವಳು. ಕಾಲು ಚಾಚಿ ಕೂತು, ಕೂಸನ್ನು ಕಾಲಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಕೊನೆಗೆ ಮೂಗನ್ನು ಎರಡು ಬೆರಳಲ್ಲಿ ಹಿಡಿದೆಳೆದು ನೆಟ್ಟಗೆ ಮಾಡುತ್ತಾಳೆ. ನನ್ನ ಮೂಗಿನ ಹೊತ್ತಿಗೆ ಯಾರೋ ಅವಳನ್ನು ಮಾತಿಗೆ ಎಳೆದಿರಬೇಕು, ಬೆರಳು ಮೂಗನ್ನು ಒಂದೇ ಕಡೆಗೆ ಎಳೆದುಬಿಟ್ಟವು. ಕೇಳಿದರೆ, "ನಿಮ್ಮಪ್ಪನ ಮೂಗು ನೋಡೀಯೇನೋ ಮೂಳಾ? ಅದಕಿಂತ ನಿಂದ ಛಲೋ ಐತಿ, ಸುಮ್ನಿರು" ಎನ್ನುತ್ತಾಳೆ.

ಇಂಥ ಆಯಿಗೆ ಹೋದ ವರ್ಷ ಎರಡು ಗಿಳಿಗಳು ನೀರು ಕುಡಿಸಿದವು.

ಎದುರುಮನೆ ಹಾಜರಾಬಿಯ ಮಗಳು ಗುಲ್ನಾಜ ಚೊಚ್ಚಲ ಹೆರಿಗೆಗೆ ತವರಿಗೆ ಬರುವಾಗ ಜೊತೆಗೊಂದು ಪಂಜರ ತಂದಳು. ಒಳಗೆ ಜುಟ್ಟಿನ, ಬೂದುಬಣ್ಣದ ಪರದೇಶಿ ಗಿಳಿಗಳ ಜೋಡಿ. ಇನ್ನೂ ಪಳಗಿರಲಿಲ್ಲ. ಹತ್ತಿರ ಹೋದರೆ ಬುಸ್ಸೆನ್ನುತ್ತಿದ್ದವು, ನೀರಿನ ಬಟ್ಟಲಿಟ್ಟರೆ ಮೂಲೆ ಸೇರುತ್ತಿದ್ದವು. ರೆಕ್ಕೆ ಬಡಿದರೆ ಪೌಡರಿನಂಥ ಧೂಳು ಮನೆಯೆಲ್ಲ.

"ಕೂಸು ಬರೂ ಮನಿ ಇದು. ಇವಕ್ಕ ಜಳಕಾ ಮಾಡಸು, ಇಲ್ಲಾ ಯಾರಿಗರ ಕೊಟ್ಟಬಿಡು" ಎಂದಳು ಹಾಜರಾಬಿ. ಗುಲ್ನಾಜಳ ಕಣ್ಣು ತುಂಬಿತು.

ಆಯಿ ಬಾಯಿ ಹಾಕದೆ ಇರುತ್ತಾಳೆಯೇ? "ಇಡೀ ಓಣಿಗೆ ಎರದೇನಿ. ಈ ಗೇಣುದ್ದದ ಗಿಳಿ ಯಾವ ಲೆಕ್ಕ?"

ಹಾಜರಾಬಿಗೆ ಅಷ್ಟೇ ಬೇಕಾಗಿತ್ತು. ಆಯಿಗೆ ವಯಸ್ಸಾಯಿತು, ಕೈ ನಡುಗುತ್ತದೆ, ಕೂಸಿಗೆ ಎರೆಯಲು ನರ್ಸನ್ನು ಕರೆಸಬೇಕು ಎಂದು ಅವಳ ಮನಸ್ಸಿನಲ್ಲಿತ್ತು. ಹೇಳುವ ಧೈರ್ಯವಿರಲಿಲ್ಲ. "ಹಂಗಾರ ನೋಡ್ರಿ ಚನ್ನಬಸಕ್ಕ, ಇವಕ್ಕ ಎರದ್ರ ಕೂಸಿಗೂ ನೀವ ಎರೀರಿ. ಆಗ್ಲಿಲ್ಲಂದ್ರ ನರ್ಸ್ ಬರ್ತಾಳ."

ಆಯಿಯ ಮುಖ ಸಣ್ಣದಾಯಿತು. ಗುಲ್ನಾಜಳಿಗೇ ಎರೆದ ಕೈ ಅದು. ಅವಳ ಕೂಸಿಗೆ ಬೇರೆ ಯಾರೋ ಎರೆಯುವುದೇ?

ಮರುದಿನ ಎಣ್ಣೆ ಬಟ್ಟಲು, ಬಿಸಿನೀರು, ಹೊಗೆ ಹಾಕಲು ಲೋಬಾನ ಎಲ್ಲ ಸಿದ್ಧ. "ಆಯಿ, ಅವು ಹಕ್ಕಿ, ಕೂಸಲ್ರಿ" ಎಂದೆ. "ನಿನ್ನ ಯಾರ ಕೇಳ್ಯಾರ?" ಎಂದು ಪಂಜರಕ್ಕೆ ಕೈ ಹಾಕಿದಳು. ಹೇಗೋ ಒಂದನ್ನು ಹಿಡಿದು ಹೊರಗೆಳೆದವಳು ಎಣ್ಣೆ ಮರೆತು ಅದರ ಮುಖವನ್ನೇ ನೋಡಿದಳು. "ಅಯ್ಯ ಶಿವನ! ಇದರ ಮೂಗು ಎಷ್ಟ ಬಾಗೇತಿ ನೋಡವಾ! ಮೊದಲ ಇದನ್ನ ತಿದ್ದಬೇಕು" ಎಂದು ಎರಡು ಬೆರಳಲ್ಲಿ ಕೊಕ್ಕು ಹಿಡಿದಳು.

ಆಗ ಎದ್ದ ಚೀರಾಟಕ್ಕೆ ಇಡೀ ಓಣಿ ಬಾಗಿಲಿಗೆ ಬಂತು. ಚೀರಿದ್ದು ಗಿಳಿಯಲ್ಲ.

ಬೆರಳಿಗೆ ಅರಿಶಿನ ಮೆತ್ತಿಕೊಂಡ ಆಯಿಯನ್ನು "ಗಿಳಿ ಮೂಗು ನೆಟ್ಟಗಾತೇನ್ರಿ?" ಎಂದು ಮೊದಲು ಕೇಳಿದವನು ನಾನೇ. ವಾಲಿದ ಮೂಗಿನವನಿಗೆ ಅಷ್ಟೂ ಹಕ್ಕಿಲ್ಲವೇ?

ಆಯಿ ಸಿಟ್ಟಾದಳು. ನನ್ನ ಮೇಲಲ್ಲ, ಗಿಳಿಗಳ ಮೇಲೆ. "ಇವುಗಳ ಕೂಡ ಮಾತ ಬಿಟ್ಟೇನಿ" ಎಂದು ಸಾರಿದಳು. ಆದರೂ ದಿನಾ ಹೋಗುವುದನ್ನು ಬಿಡಲಿಲ್ಲ, ನರ್ಸ್ ಎಲ್ಲಿ ಬಂದುಬಿಡುತ್ತಾಳೋ ಎಂಬ ದಿಗಿಲು. ಪಂಜರದ ಹತ್ತಿರವೇ ಅದಕ್ಕೆ ಬೆನ್ನು ಮಾಡಿ, ಕಾಲು ಚಾಚಿ, ತುಟಿ ಬಿಗಿದು ಸೊಪ್ಪು ಸೋಸುತ್ತ ಕೂರುವಳು. ಆ ಬಾಯಿ ಮುಚ್ಚಿದ್ದನ್ನು ಓಣಿ ಕಂಡದ್ದು ಅದೇ ಮೊದಲು. ಖರೇ ಹೇಳುತ್ತೇನೆ, ನನಗೂ ಪಾಪ ಅನಿಸಿತು.

ಗಿಳಿಗಳಿಗೆ ಮಾತ್ರ ಈ ಮುನಿಸು ಹಿಡಿಸಿತು. ಕೈ ಹಾಕುವುದಿಲ್ಲ, ನೋಡುವುದೂ ಇಲ್ಲ, ಯಾರಿವಳು ಎಂಬಂತೆ ಕತ್ತು ಚಾಚತೊಡಗಿದವು. ಬುಸುಗುಡುವುದು ನಿಂತಿತು. ಗುಲ್ನಾಜ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಪಂಜರದ ಬಾಗಿಲು ತೆರೆದಿಡತೊಡಗಿದಳು. ಕ್ರಮೇಣ ಅವು ಹೊರಬಂದು ಆಯಿಯ ಹಿಂದೆಯೇ ಓಡಾಡತೊಡಗಿದವು.

ಒಂದು ಬೆಳಿಗ್ಗೆ ಆಯಿ ತೊಳೆದ ಕೊತ್ತಂಬರಿ ಕಟ್ಟನ್ನು ಜಾಡಿಸಿದಳು. ಹನಿಗಳು ಸಿಡಿದವು. ಒಂದು ಗಿಳಿ ಜುಟ್ಟು ನಿಮಿರಿಸಿ, ರೆಕ್ಕೆ ಅಗಲಿಸಿ ಒದ್ದೆ ಸೊಪ್ಪಿನ ರಾಶಿಗೇ ಬಿದ್ದು ಹೊರಳಾಡಿತು. ಹಿಂದೆಯೇ ಇನ್ನೊಂದು. ಚೆನ್ನಾಗಿ ತೊಯ್ದ ಮೇಲೆ ಮೊದಲನೆಯದು ಆಯಿಯ ಕಾಲನ್ನೇರಿ, ಅಲ್ಲಿಂದ ಕೊತ್ತಂಬರಿ ಹಿಡಿದ ಕೈಯನ್ನೇರಿ ಮೈ ಕೊಡವಿತು.

"ಹಾಜರಾ," ಆಯಿ ಪಿಸುಗುಟ್ಟಿದಳು, "ಲಗೂ ಬಾ. ಸಪ್ಪಳ ಮಾಡಬ್ಯಾಡ."

ಹಾಜರಾಬಿ ಬಂದು ನಿಂತಳು. "ಇದು ಎರದಂಗ ಆತೇನ್ರಿ? ಅವು ತಾವ ಜಳಕಾ ಮಾಡ್ಯಾವ."

"ಈಗ ಕುಂತದ್ದು ಯಾರ ಕೈಮ್ಯಾಲ?"

ಹಾಜರಾಬಿ ಆ ಕೈಯನ್ನು ನೋಡಿದಳು. ಕಾಲಿಗೆ ಜೋಮು ಹಿಡಿದಿದ್ದರೂ ಆಯಿ ಮಿಸುಕಿರಲಿಲ್ಲ, ಕೈ ಎಳ್ಳಷ್ಟೂ ನಡುಗಿರಲಿಲ್ಲ. "ನರ್ಸ್ ಬ್ಯಾಡ ಬಿಡ್ರಿ" ಎಂದಳು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಿಳಿ ಹನಿ ಸಿಡಿಸಿತು ಎಂದು ಸುಳ್ಳು ಹೇಳಿದಳು.

ಕೂಸು ಬಂತು, ಹೆಣ್ಣು. ಮೊದಲ ಎರೆಯುವ ದಿನ ನಾನೂ ಬಾಗಿಲಲ್ಲಿದ್ದೆ. ಎಣ್ಣೆಯಾಯಿತು, ನೀರಾಯಿತು. ರೂಢಿಯಂತೆ ಎರಡು ಬೆರಳು ಕೂಸಿನ ಮೂಗಿನತ್ತ ಹೊರಟವು. ಒಳಕೋಣೆಯ ಪಂಜರದಿಂದ ಗಿಳಿ ಕಿರುಚಿತು. ಆಯಿ ಬೆರಳ ಮೇಲಿನ ಕಲೆಯನ್ನೊಮ್ಮೆ ನೋಡಿಕೊಂಡಳು.

"ಇರಲಿ ಬಿಡು, ಹೆಂಗೈತಿ ಹಂಗ ಛಲೋ ಐತಿ" ಎಂದು ಕೂಸನ್ನು ಬಟ್ಟೆಯಲ್ಲಿ ಸುತ್ತಿಬಿಟ್ಟಳು.

ನಮ್ಮ ಓಣಿಯಲ್ಲಿ ಆಯಿ ತಿದ್ದದೆ ಬಿಟ್ಟ ಮೂಗು ಅದೊಂದೇ. ಎಷ್ಟು ನೆಟ್ಟಗಿದೆ ಅಂತೀರಿ! ಆ ಗಿಳಿ ನಾನು ಹುಟ್ಟುವ ಮೊದಲೇ ಬರಬಾರದಿತ್ತೇ?